ಬೋರಲು ಹಾಸಬೇಕಿದ್ದ ಹಾಳೆ

ಆ ಹಾಳೆಯನ್ನು ತಿರುವಿ ಹಾಸಿದವಳು ನಾನು. ದುಂಡಪ್ಪನಲ್ಲ — ನಾನು. ಮಾವನವರು ಕೇಳಿದಾಗ "ಇಲ್ರಿ" ಅಂದವಳೂ ನಾನೇ.

ಇಷ್ಟು ಬರೆದು, ಎದ್ದು ಹೋಗಿ ಒಲೆಯ ಮೇಲಿನ ಹಾಲು ಇಳಿಸಿ ಬಂದೆ. ಇಪ್ಪತ್ತು ವರ್ಷಕ್ಕೂ ಮಿಕ್ಕಿ ಈ ಎರಡು ಸಾಲಿಗೆ ಅಂಜಿಕೊಂಡು ಬದುಕಿದವಳು ನಾನೇ ಏನು ಅನ್ನಿಸುವಷ್ಟು ಹಗುರವಾಗಿದೆ ಈಗ. ಆದರೆ ಹಗುರಾದದ್ದು ನನಗೆ. ಅಷ್ಟು ವರ್ಷ ಹೊತ್ತವರು ಬೇರೆಯವರು — ಅದಕ್ಕೇ ನಡೆದದ್ದನ್ನು ನಡೆದ ಹಾಗೆ ಬರೆದಿಡಬೇಕು.

ನಮ್ಮ ಮಾವನವರು ಶಿಲ್ಪಿ. ಗೋಕಾಕದವರು, ಮರದ ಗೊಂಬೆಗಳಿಗೆ ಬಣ್ಣ ಬಳಿಯುವುದನ್ನು ನೋಡುತ್ತ ಬೆಳೆದು, ಕೊನೆಗೆ ಆಳೆತ್ತರ ಸಾಲದೆಂದು ಆಕಾಶದೆತ್ತರಕ್ಕೆ ಕೈ ಹಾಕಿದವರು. ಹುಕ್ಕೇರಿಯ ಕೂಡುರಸ್ತೆಯಲ್ಲಿ ಕುಡುಗೋಲು ಹಿಡಿದು ನಿಂತ ಹೆಣ್ಣುಮಗಳನ್ನು ನೀವು ನೋಡಿರಬಹುದು — ಬಸ್ಸಿನ ಕಿಟಕಿಯಿಂದ ಅವಳ ಮೊಣಕಾಲಷ್ಟೇ ಕಾಣುತ್ತದೆ, ಮುಖ ನೋಡಬೇಕೆಂದರೆ ಇಳಿಯಬೇಕು. ಅದು ಅವರ ಕೆಲಸ. ಮೂಡಲಗಿಯ ಸಂತೆ ಬಯಲಿನ ಅಂಚಿಗೆ ಕೂತ ಸಿಮೆಂಟಿನ ಎತ್ತೂ ಅವರದೇ. ಮಕ್ಕಳು ಹತ್ತಿ ಜಾರಿ ಅದರ ಬೆನ್ನು ನುಣ್ಣಗಾಗಿದೆ. ಯಾರಾದರೂ ಮಕ್ಕಳನ್ನು ಗದರಿದರೆ ಮಾವನವರು ತಡೆಯುತ್ತಿದ್ದರು: "ಇರ್ಲಿ ಬಿಡ್ರಿ, ನಾ ತಿಕ್ಕಿದ್ದಕ್ಕಿಂತ ಛಲೋ ತಿಕ್ಕಾಕತ್ತಾವ."

ವಯಸ್ಸಾಗುತ್ತ ಬಂದಂತೆ ಅವರಿಗೆ ಗಾಜಿನ ಹುಚ್ಚು ಹಿಡಿಯಿತು. ಗೋವೆಯಲ್ಲಿ ಒಂದು ಇಗರ್ಜಿಯ ರಿಪೇರಿಗೆಂದು ಹೋದವರು ಅಲ್ಲಿ ಸಿಮೆಂಟಿನಲ್ಲಿ ಕೂರಿಸಿದ ಬಣ್ಣದ ಗಾಜು ನೋಡಿ ಬಂದರು. ಕಿಟಕಿಗೆ ಹಾಕುವ ತೆಳು ಗಾಜಲ್ಲ. ಬೆಲ್ಲದ ಅಚ್ಚಿನಷ್ಟು ದಪ್ಪದ ಗಾಜು. ಅದನ್ನು ಸುತ್ತಿಗೆಯಿಂದ ಒಡೆದು, ಒಂದು ಮುಖಕ್ಕೆ ಸಣ್ಣ ಸಣ್ಣ ಪೆಟ್ಟು ಕೊಟ್ಟು ಚಕ್ಕೆ ಎಬ್ಬಿಸಿದರೆ — ಬೆಳಕು ಅಲ್ಲಿ ಸಿಕ್ಕಿಬಿದ್ದು ಕುಣಿಯುತ್ತದೆ. "ಕಲ್ಲಿನ ಮೂರ್ತಿ ಹಗಲೆಲ್ಲಾ ಒಂದ ಥರಾ ಇರತೈತಿ," ಅನ್ನುತ್ತಿದ್ದರು. "ಗಾಜಿಂದು ಹಂಗಲ್ಲ. ಮುಂಜಾನಿ ಒಂದು, ಸಂಜಿಕ ಒಂದು. ಸೊಸಿ ಇದ್ದಂಗ." ಹೊಸದಾಗಿ ಬಂದ ಸೊಸೆ ನಾನು, ನಗಬೇಕೋ ಬೇಡವೋ ತಿಳಿಯದೆ ಸೆರಗಿನ ಅಂಚು ಸರಿಮಾಡಿಕೊಳ್ಳುತ್ತಿದ್ದೆ.

ಆದರೆ ಆ ಮನೆಯಲ್ಲಿ ಗಾಜಿನ ಬೆಳಕು ಮೊದಲೇ ಗೊತ್ತಿದ್ದವಳು ನಾನೊಬ್ಬಳೇ. ಬೆಳಗಾವಿಯ ಕಾನ್ವೆಂಟಿನಲ್ಲಿ ಓದಿದವಳು. ಪ್ರಾರ್ಥನಾ ಮಂದಿರದ ಕಿಟಕಿಯಿಂದ ಬಿದ್ದ ನೀಲಿ ಚೂರು ಬೆಂಚಿನಿಂದ ಬೆಂಚಿಗೆ ಸರಿಯುವುದನ್ನು ನೋಡುತ್ತ ಪ್ರಾರ್ಥನೆ ಮರೆತು ಎಷ್ಟೋ ಸಲ ಬೈಸಿಕೊಂಡಿದ್ದೇನೆ. ಸಿಸ್ಟರುಗಳು ಇನ್ನೊಂದನ್ನೂ ಕಲಿಸಿದ್ದರು — ಮೇಜಿನ ಮೇಲೆ ಕಾಗದ ಇಟ್ಟರೆ ಬರೆದ ಮಗ್ಗುಲು ಮೇಲಿರಬೇಕು, ಅಂಚು ಮೇಜಿನ ಅಂಚಿಗೆ ಸಮ ಇರಬೇಕು. ಇವತ್ತಿಗೂ ಕರೆಂಟ್ ಬಿಲ್ ಬೋರಲು ಬಿದ್ದಿದ್ದರೆ ನನಗೆ ತಿರುವಿ ಇಡದೆ ಸಮಾಧಾನವಿಲ್ಲ.

ದುಂಡಪ್ಪ ಮಾವನವರ ಶಿಷ್ಯ. ಕೌಜಲಗಿಯವನು. ಹರೆಯದಲ್ಲೇ ಬಂದು ಸೇರಿಕೊಂಡವನು ಮನೆಯ ಮಗನಂತೇ ಇದ್ದ. ಅತ್ತಿಗೆಯೆಂದು ನನ್ನನ್ನು "ವೈನಿ" ಅನ್ನುತ್ತಿದ್ದ. ಅವನ ಕೈಬೆರಳುಗಳು ಮೊಂಡು, ದಪ್ಪ — ಅಂಥ ಬೆರಳು ಗಾಜು ಹಿಡಿದರೆ ಮಾತ್ರ ಹೂ ಹಿಡಿದಂತೆ. ಮಾವನವರು ಹೊಗಳುವವರಲ್ಲ. ಆದರೆ ದುಂಡಪ್ಪ ಕೆಲಸ ಮಾಡುವಾಗ ಸುಮ್ಮನೆ ಬಾಜೂಕ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. ಅದೇ ಹೊಗಳಿಕೆ.

ಆ ವರ್ಷ ಮೂಡಲಗಿಯ ಶರಣರ ಸಭಾಭವನದವರು ಒಂದು ದೊಡ್ಡ ಗಾಜಿನ ಫಲಕ ಮಾಡಿಕೊಡಿ ಎಂದು ಕೇಳಿಕೊಂಡು ಬಂದರು. ಬಾಗಿಲಿನ ಮೇಲೆ ಗೋಡೆಯ ತುಂಬ. ಮಾವನವರು ಚಿತ್ರ ಬರೆದರು: ಹೊಲದಿಂದ ಬಂದು, ಕಾಲು ತೊಳೆದು, ಅಂಗೈಯಲ್ಲಿ ಲಿಂಗ ಹಿಡಿದು ಪೂಜೆಗೆ ಕೂತ ಒಬ್ಬ ಶರಣೆ. ಅವಳ ಹೆಸರೇನು ಎಂದು ಭವನದ ಹಿರಿಯರಾದ ಅಡತಿ ಅಂಗಡಿಯ ಕಾಕಾ ಕೇಳಿದರು. "ಹೆಸರಿಟ್ರ ಯಾವ ಊರಾಕಿ ಅಂತ ಜಗಳಾ ಶುರು ಆಗತೈತಿ," ಎಂದರು ಮಾವನವರು. "ನಿಮ್ಮವ್ವ ಅಂತ ತಿಳೀರಿ, ಮುಗೀತು."

ಅಷ್ಟರಲ್ಲಿ ಅವರ ಕಣ್ಣಿಗೆ ಪರೆ ಬಂದು ಆಪರೇಷನ್ ಆಯಿತು. ಹಸಿರು ಪಟ್ಟಿ ಕಟ್ಟಿಕೊಂಡು ಪಡಸಾಲೆಯಲ್ಲಿ ಕೂತರು. ಮೊದಲ ಸಲ ಇಡೀ ಕೆಲಸವನ್ನು ದುಂಡಪ್ಪನ ಕೈಗೆ ಬಿಟ್ಟರು.

ಕೆಲಸದ ರೀತಿ ಹೇಳದಿದ್ದರೆ ನನ್ನ ತಪ್ಪು ತಿಳಿಯುವುದಿಲ್ಲ. ಚಿತ್ರವನ್ನು ದೊಡ್ಡ ಹಾಳೆಯ ಮೇಲೆ ಇದ್ದಲಿನಲ್ಲಿ ಬರೆದು ಎಣ್ಣೆ ಕುಡಿಸುತ್ತಾರೆ. ಗೆರೆ ಎರಡೂ ಮಗ್ಗುಲಿಗೆ ಒಂದೇ ಸಮ ಕಾಣುತ್ತದೆ. ಹಾಳೆಯನ್ನು ಹಲಗೆಯ ಮೇಲೆ ಹಾಸಿ, ಮೇಲೆ ಪ್ಲಾಸ್ಟಿಕ್ ಹೊದಿಸಿ, ಗೆರೆಯ ಗುಂಟ ಗಾಜಿನ ತುಂಡು ಜೋಡಿಸುತ್ತಾರೆ. ಚಕ್ಕೆ ಎಬ್ಬಿಸಿದ ಚೆಂದದ ಮುಖ ಕೆಳಗೆ. ನಡುವಿನ ಸಂದಿಗೆ ಕಬ್ಬಿಣದ ಸಳಿ ಇಟ್ಟು ಸಿಮೆಂಟು ಸುರಿಯುತ್ತಾರೆ. ಒಣಗಿದ ಮೇಲೆ ಎತ್ತಿ ನಿಲ್ಲಿಸಿದರೆ ಕೆಳಗಿದ್ದದ್ದು ಮುಂದಾಗುತ್ತದೆ. ಗಾಜು ಬೋರಲು ಮಲಗಿ ಹುಟ್ಟುವ ಕೂಸು, ಆದ್ದರಿಂದ ಹಾಳೆಯನ್ನೂ ಬೋರಲು ಹಾಸಬೇಕು — ಬರೆದ ಮಗ್ಗುಲು ಕೆಳಗೆ.

ಇದು ನನಗೆ ಗೊತ್ತಿರಲಿಲ್ಲ. ಗೊತ್ತಿರಬೇಕಾದ ಕಾರಣವೂ ಇರಲಿಲ್ಲ. ಹಾಳೆ ಹಾಸಿ ವಿಭೂತಿ ಹಚ್ಚಿದ ಮೇಲೆ ಹಿತ್ತಲಿನ ಕೆಲಸದ ಶೆಡ್ಡಿನೊಳಗೆ ಯಾರೂ ಕಾಲಿಡಬಾರದೆಂಬುದು ಮನೆಯ ನಿಯಮ. ಅದು ಗೊತ್ತಿತ್ತು.

ಜ್ಯೇಷ್ಠದ ಒಂದು ಮಧ್ಯಾಹ್ನ. ದುಂಡಪ್ಪ ಹಾಳೆ ಹಾಸಿ, ಗಾಜು ಜೋಡಿಸುವ ಮೊದಲು ಉಸುಕು ತರಲು ಹೊಳೆಗೆ ಹೋಗಿದ್ದ. ಮಾವನವರಿಗೆ ನಿದ್ದೆ. ಹಿತ್ತಲಲ್ಲಿ ಅರಿವೆ ಒಣಹಾಕುತ್ತಿದ್ದವಳಿಗೆ ಶೆಡ್ಡಿನ ಬಾಗಿಲ ಸಂದಿಯಿಂದ ಒಂದು ನೀಲಿ ತುಂಡು ಕಂಡಿತು — ಕಾನ್ವೆಂಟಿನ ನೀಲಿ. ಒಳಗೆ ಹೋದೆ. ಎತ್ತಿಕೊಂಡೆ. ಬೆಳಕಿಗೆ ಹಿಡಿಯಬೇಕೆಂದು ಕಿಟಕಿ ತೆರೆದೆ.

ಗಾಳಿ ಹೇಗೆ ನುಗ್ಗಿತೆಂದರೆ — ಪ್ಲಾಸ್ಟಿಕ್ಕು, ಹಾಳೆ, ಮೂಲೆಗಿಟ್ಟ ಕಲ್ಲು ಎಲ್ಲ ಒಮ್ಮೆಲೇ. ಹಾಳೆ ಗೋಡೆಗೆ ಬಡಿದು ನೆಲಕ್ಕೆ ಬಿತ್ತು. ಕಿಟಕಿ ಹಾಕಿ, ಎತ್ತಿ ನೋಡಿದೆ. ಹರಿದಿರಲಿಲ್ಲ; ನನ್ನ ಪುಣ್ಯ ಅಂದುಕೊಂಡೆ. ಒಂದು ಮಗ್ಗುಲು ಮುಟ್ಟಿದರೆ ಬೆರಳಿಗೆ ಕಪ್ಪು ಹತ್ತಿತು, ಇನ್ನೊಂದು ಮುಟ್ಟಿದರೆ ಹತ್ತಲಿಲ್ಲ. ಸರಿ, ಬರೆದ ಮಗ್ಗುಲು ಇದು. ಬರೆದ ಮಗ್ಗುಲನ್ನು ಮೇಲೆ ಮಾಡಿ, ಅಂಚಿಗೆ ಅಂಚು ಸಮ ಕೂಡಿಸಿ, ಸುಕ್ಕು ತೆಗೆದು, ಪ್ಲಾಸ್ಟಿಕ್ ಹೊದಿಸಿ, ಕಲ್ಲಿಟ್ಟು ಬಂದೆ. ಸಿಸ್ಟರು ನೋಡಿದ್ದರೆ ಬೆನ್ನು ತಟ್ಟುತ್ತಿದ್ದರು. ನಲ್ಲಿಯ ಕೆಳಗೆ ಬೆರಳು ತೊಳೆದೆ. ಎಣ್ಣೆ ಕುಡಿದ ಇದ್ದಲು ಬೇಗ ಹೋಗುವುದಿಲ್ಲ — ಉಗುರಿನ ಸಂದಿಯಲ್ಲಿ ಒಂದು ಗೆರೆ ಉಳಿಯಿತು. ಅದೇ ಕೈಯಲ್ಲಿ ಚಹಾ ಸೋಸಿದೆ.

ದುಂಡಪ್ಪ ಬಂದ. ಕೆಲಸ ಸಾಗಿತು. ಒಣಗುವ ತನಕ ಗೋಣಿ ಹೊದಿಸಿ ನೀರು ಹಾಕಿದರು.

ಎತ್ತುವ ದಿನ ಮೂಡಲಗಿಯಿಂದ ಕಾಕಾ ಮತ್ತು ಭವನದ ನಾಲ್ಕಾರು ಮಂದಿ ಬಂದಿದ್ದರು. ಮಾವನವರು ಹಸಿರು ಪಟ್ಟಿ ಸರಿಸಿ ಕೂತರು. ಹಗ್ಗ ಕಟ್ಟಿ ಫಲಕವನ್ನು ಅಂಗಳದಲ್ಲಿ ನಿಲ್ಲಿಸಿದಾಗ ಬಿಸಿಲು ಹಿಂದಿನಿಂದ ಬಂದು... ಅಯ್ಯೋ, ಅದು ಎಷ್ಟು ಚೆಂದವಿತ್ತು. ಅವಳ ಇಳಕಲ್ಲ ಸೀರೆಯ ಕೆಂಪು ನಮ್ಮೆಲ್ಲರ ಮುಖದ ಮೇಲೆ ಬಿತ್ತು. ಯಾರೋ ಕೈಮುಗಿದರು. ಮುಗಿದ ಕೈ ಹಾಗೇ ನಿಂತಿತು.

"ಇದೇನ್ರಿ," ಎಂದರು ಕಾಕಾ ಮೆಲ್ಲಗೆ. "ಲಿಂಗ ಬಲಗೈಯಾಗ ಐತಿ?"

ನಮ್ಮಲ್ಲಿ ಲಿಂಗವನ್ನು ಎಡ ಅಂಗೈಯ ಮೇಲೆ ಇಟ್ಟುಕೊಂಡು, ಬಲಗೈಯಿಂದ ಪತ್ರಿ ಏರಿಸುತ್ತೇವೆ. ತೊಟ್ಟಿಲ ಬಿಟ್ಟ ಮಕ್ಕಳಿಗೂ ಗೊತ್ತು. ಅದಕ್ಕೆ ಯಾರಿಗೂ ಬಿಡಿಸಿ ಹೇಳಬೇಕಾಗಲಿಲ್ಲ. ಒಬ್ಬರು ಸಮಾಧಾನಕ್ಕೆಂಬಂತೆ ಅಂದರು: "ಹಿಂದ ಮುಂದ ಮಾಡಿ ನಿಲ್ಲಸಾಕ ಬರೂದಿಲ್ಲೇನ್ರಿ? ಗಾಜಽ ಅಲ್ಲ?"

"ಹಿಂದ ಸಳಿ ಅದಾವ, ಕೊಕ್ಕಿ ಅದಾವ. ಚಕ್ಕಿ ಎಲ್ಲಾ ಮುಂದ ಐತಿ," ಎಂದರು ಮಾವನವರು. "ಅಂಗಿ ತಿರುವಿ ಹಾಕ್ಕೊಂಡು ಮದಿವಿಗಿ ಹೋಗ್ತೀಯೇನಪಾ?" ಯಾರೂ ನಗಲಿಲ್ಲ. ಆಗ ಅವರು ಕೇಳಿದರು, "ಹಾಳಿ ಯಾರು ಮುಟ್ಟಿದ್ರು?"

"ನಾನ ಹಾಸಿದ್ದೆರಿ," ಎಂದ ದುಂಡಪ್ಪ. ಅವನ ಮುಖ ಸಿಮೆಂಟಿನ ಬಣ್ಣಕ್ಕೆ ತಿರುಗಿತ್ತು. "ಬೋರಲ ಹಾಸಿದ್ದೆ... ಹಾಸಿದ್ದೆ ಅಂತ..."

ಮಾವನವರು ಅಡುಗೆಮನೆಯ ಬಾಗಿಲಲ್ಲಿ ನಿಂತ ನನ್ನ ಕಡೆ ತಿರುಗಿದರು. "ನೀ ಏನರ ಒಳಗ ಹೋಗಿದ್ದೇನವಾ?"

ಬೋರಲು ಎಂಬ ಮಾತು ಕೇಳಿದ ಆ ಗಳಿಗೆಯಲ್ಲೇ ನನಗೆ ಎಲ್ಲ ತಿಳಿದುಹೋಗಿತ್ತು. ಹೇಳಬಹುದಿತ್ತು. ಊರ ಹಿರಿಯರ ಮುಂದೆ, ಮದುವೆಯಾದ ಮೊದಲ ವರ್ಷ, ನಿಯಮ ಮುರಿದ ಸೊಸೆ — ಆದರೂ ಹೇಳಬಹುದಿತ್ತು. ಬಾಯಿ ತಾನೇ ತೆರೆಯಿತು.

"ಇಲ್ರಿ."

ಒಂದೇ ಮಾತು. ಮಾವನವರು ತಲೆ ಆಡಿಸಿ ದುಂಡಪ್ಪನಿಗೆ ಹೇಳಿದರು — ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು — "ನಿನ್ನ ಕೈ ಗಾಜಿಗೆ ಆಗೂದಿಲ್ಲ ಬಿಡೋ."

ಫಲಕ ಶೆಡ್ಡಿಗೆ ಹೋಯಿತು, ಗೋಡೆಗೆ ಮುಖ ಮಾಡಿ. ಮಾವನವರು ಮತ್ತೆ ಗಾಜು ಮುಟ್ಟಲಿಲ್ಲ. ಕಣ್ಣು ಸೋತಿತು ಅಂದರು. ದುಂಡಪ್ಪ ಕೆಲವು ತಿಂಗಳಿದ್ದು ಕೌಜಲಗಿಗೆ ಹೊರಟುಹೋದ. ಸಿಮೆಂಟಿನ ಮೂರ್ತಿ ಮಾಡಿ ಹೆಸರಾದ. ಯಾರಾದರೂ ಗಾಜಿನ ಮಾತು ತೆಗೆದರೆ, "ಅದು ನನ್ನ ಕೈಗೆ ಬರೂದಿಲ್ರಿ," ಅನ್ನುತ್ತಿದ್ದನಂತೆ.

ನನ್ನ ತಪ್ಪು ಒಂದೇ ಸುಳ್ಳಾಗಿದ್ದರೆ... ಆದರೆ ಇನ್ನೊಂದಿದೆ. ಮಾವನವರು ಹಾಸಿಗೆ ಹಿಡಿದಿದ್ದಾಗ ಒಂದು ಬೆಳಿಗ್ಗೆ, ನಾನು ಅವರ ಹತ್ತಿರವೇ ಕೂತು ಬಳ್ಳೊಳ್ಳಿ ಸುಲಿಯುತ್ತಿದ್ದೆ. ಅವರು ಮಾಡು ನೋಡುತ್ತ ಹೇಳಿದರು: "ದುಂಡಪ್ಪನ ಕೈ ಹಂಗ ತಪ್ಪೂ ಕೈ ಅಲ್ಲವಾ. ಏನೋ ಆಗಿರಬೇಕು." ನನ್ನನ್ನು ಕೇಳಿದರೋ, ತಮಗೆ ತಾವೇ ಅಂದುಕೊಂಡರೋ. ನಾನು ಆ ಎಸಳು ಸುಲಿದು ಮುಗಿಸಿದೆ. ಇನ್ನೊಂದು ತೆಗೆದುಕೊಂಡೆ. ಆ ಮೌನಕ್ಕೆ ಹೊಸ ಸೊಸೆ ಅನ್ನುವ ನೆಪವೂ ಇರಲಿಲ್ಲ.

ಅವರು ಹೋಗಿ ಬಹಳ ವರ್ಷವಾಯಿತು. ಹೋದ ವರ್ಷ ಮೂಡಲಗಿಯ ಭವನ ಹೊಸದಾಗಿ ಕಟ್ಟಿದರು. ತಾಲೂಕು ಆದಮೇಲೆ ಊರು ದೊಡ್ಡದಾಗಿದೆ. ಈಗ ಮುಪ್ಪಾದ ಕಾಕಾ ನಮ್ಮನೆಯವರಿಗೆ ಫೋನ್ ಮಾಡಿದರು. ಬಾಗಿಲ ಮೇಲೆ ಅದೇ ಶರಣೆ ಬೇಕಂತೆ, ನಿಮ್ಮ ತಂದೆಯವರ ಚಿತ್ರ ಇದೆಯಲ್ಲ, ಅವರ ರೀತಿಯಲ್ಲೇ ಆಗಬೇಕು. ಆ ರೀತಿ ಬಲ್ಲವನು ದುಂಡಪ್ಪನೊಬ್ಬನೇ. ನಮ್ಮನೆಯವರು ಹೋಗಿ ಕೇಳಿದರು, ಬರಿಗೈಯಲ್ಲಿ ಬಂದರು. "ಒಲ್ಲೆ ಅಂದ್ರ ಒಲ್ಲೆ ಅಂತಾನ. ಕಾಕಾ ಇನ್ನ ಕಂಪ್ಯೂಟರದಾಗ ತಗದು ಸ್ಟಿಕರ್ ಅಂಟಸ್ತೇವಿ ಅಂದ್ರು. ಕೊಲ್ಲಾಪುರದಾಗ ಮಾಡಿ ಕೊಡ್ತಾರಂತ."

ಸ್ಟಿಕರ್. ಅವಳ ಸೀರೆಯ ಆ ಕೆಂಪು — ಪ್ಲಾಸ್ಟಿಕ್ಕಿನ ಮೇಲೆ. ಮತ್ತು ದುಂಡಪ್ಪನ ಕೈಯೊಳಗಿನ ವಿದ್ಯೆ ಅವನ ಜೊತೆಗೇ ಮುಗಿಯುವುದು. ನಾನು ರೊಟ್ಟಿ ತಟ್ಟುತ್ತಿದ್ದವಳು ಕೈ ನಿಲ್ಲಿಸಿದೆ. "ನಾಳಿ ಕೌಜಲಗಿಗೆ ಹೋಗೂಣ," ಎಂದೆ. ದಾರಿಯಲ್ಲಿ, ಕಬ್ಬಿನ ಟ್ರ್ಯಾಕ್ಟರಿನ ಹಿಂದೆ ಕಾರು ನಿಧಾನವಾದಾಗ, ನಮ್ಮನೆಯವರಿಗೆ ಮೊದಲು ಹೇಳಿದೆ. ಅವರು ಟ್ರ್ಯಾಕ್ಟರನ್ನು ದಾಟದೆ ಅದರ ಹಿಂದೆಯೇ ಬಹಳ ದೂರ ಓಡಿಸಿದರು. ಕೊನೆಗೆ ಇಷ್ಟೇ ಅಂದರು: "ಅಂವಗ ಹೇಳೂ ಮುಂದ ಅಳಬ್ಯಾಡ. ಅತ್ತರ ಅಂವ ನಿನ್ನ ಸಮಾಧಾನ ಮಾಡಾಕ ಕೂಡ್ತಾನ."

ದುಂಡಪ್ಪನ ಅಂಗಳದಲ್ಲಿ ದೊಡ್ಡದೊಂದು ಸಿಮೆಂಟಿನ ಪಾದ ಒಣಗುತ್ತಿತ್ತು. ಅವನ ಹೆಂಡತಿ ಕಸ್ತೂರಿ ಅದಕ್ಕೆ ನೀರು ಚಿಮುಕಿಸುತ್ತಿದ್ದಳು. "ಬರ್ರಿ ಅಕ್ಕಾರ. ನೋಡ್ರಿ, ಗಂಡನ ಕಾಲು ತೊಳಿಯಂದ್ರ ಊರ ಮಂದಿ ಕಾಲೆಲ್ಲಾ ತೊಳ್ಯಾಕತ್ತೇನಿ."

ನಾನು ಕೂರಲಿಲ್ಲ. ನಿಂತೇ ಹೇಳಿದೆ. ನೀಲಿ ತುಂಡು, ಕಿಟಕಿ, ಗಾಳಿ, ಬೆರಳಿನ ಕಪ್ಪು, "ಇಲ್ರಿ", ಬಳ್ಳೊಳ್ಳಿ — ಎಲ್ಲ. ಅಳಲಿಲ್ಲ.

ದುಂಡಪ್ಪನ ಕೈಯಲ್ಲಿ ಕರಣಿ ಇತ್ತು. ಅದನ್ನು ನೀರಲ್ಲಿ ಅದ್ದಿ ಪಾದದ ಹೆಬ್ಬೆರಳನ್ನು ತೀಡುತ್ತಲೇ ಇದ್ದ. ತೀಡುತ್ತಲೇ ಕೇಳಿದ: "ಕಲ್ಲು ನಾಕೂ ಮೂಲಿಗಿ ಇಟ್ರಿ?"

"ಹೂಂ."

"ಅದಕ್ಕ ನಾ ತಿರುಗಿ ನೋಡ್ಲಿಲ್ಲ. ಕಲ್ಲು ಕಲ್ಲಿನ ಜಾಗಾದಾಗ ಇದ್ದೂ." ಕರಣಿ ಕೆಳಗಿಟ್ಟ. "ಕೆಲಸಾ ಮಾಡೂ ಮುಂದ ಚಿತ್ರಾ ಕಾಣೂದಿಲ್ಲ ವೈನಿ, ಗೆರಿ ಅಷ್ಟ ಕಾಣ್ತಾವ. ಬೋರಲ ಹಾಸೂದು ಮರಿಯೂದಂದ್ರ ಉಣ್ಣೂ ಮುಂದ ಬಾಯಿ ಎಲ್ಲೈತಿ ಅಂತ ಮರತಂಗ. ನಾ ಹೆಂಗ ಮರತೆ? ಹೆಂಗ ಮರತೆ ಅಂತ..."

ಕಸ್ತೂರಿ ಚೊಂಬು ಕುಕ್ಕಿದಳು. ಅವಳ ದನಿಯಲ್ಲಿ ನಗೆ ಇರಲಿಲ್ಲ. "ಮನಿಗಿ ಕೀಲಿ ಹಾಕಿ ಊರ ಅಗಸಿ ಮಟಾ ಹೋಗಿ ತಿರುಗಿ ಬರ್ತಾನ್ರಿ ಈ ಮನಶ್ಯಾ, ಹಾಕೇನೋ ಇಲ್ಲೋ ಅಂತ. ಗ್ಯಾಸ್ ಬಂದ್ ಮಾಡಿದ್ದು ಮತ್ತ ಮತ್ತ ನೋಡ್ತಾನ. ಮಗಳ ಮದಿವ್ಯಾಗ ತಾಳಿ ನಾ ಹಿಡ್ಕೊಳ್ಳೂದಿಲ್ಲ, ನನ್ನ ತಲಿ ಮ್ಯಾಲ ನನಗ ಭರೋಸಾ ಇಲ್ಲ ಅಂದ. ನೀವು ಒಂದ ಮಾತು ಹೇಳಿದ್ರ ಇದೆಲ್ಲಾ ಆಗ್ತಿತ್ತೇನ್ರಿ? ಒಂದ ಮಾತು."

"ನೀವು ಹೋಗ್ರಿ ಈಗ," ಎಂದ ದುಂಡಪ್ಪ, ನನ್ನ ಮುಖ ನೋಡದೆ. ಹೊರಟೆವು. ಕಾರಿನ ಬಾಗಿಲು ಹಾಕುವಾಗ ಹಿಂದೆ ಒಂದು ಸದ್ದು ಕೇಳಿಸಿತು — ಅವನು ನಗುತ್ತಿದ್ದ. ಪಾದಕ್ಕೆ ಒರಗಿ, ಕಣ್ಣೊರೆಸಿಕೊಳ್ಳುತ್ತ. "ಕಸ್ತೂರೀ, ನಾ ಅಲ್ಲಂತ! ಕೇಳಿದೇನ? ನಾ ಅಲ್ಲಂತ!"

ಆ ನಗೆ ನನಗಾಗಿ ಅಲ್ಲ, ನನಗೆ ಗೊತ್ತು. ಆದರೂ ಅದನ್ನು ಕೇಳಿದ ಮೇಲೆ ನನ್ನ ಎದೆಯೊಳಗೆ ಯಾವುದೋ ಕಿಟಕಿ — ಹಾಕಿಟ್ಟದ್ದು — ತೆರೆದ ಹಾಗಾಯಿತು.

ಮುಂದಿನ ಸೋಮವಾರ ಅವನೇ ಗೋಕಾಕಕ್ಕೆ ಬಂದ, ಕಸ್ತೂರಿಯ ಜೊತೆ. ಹಳೆಯ ಫಲಕವನ್ನು ಗೋಡೆಯಿಂದ ತಿರುಗಿಸಿ, ಸೋಪಿನ ನೀರಲ್ಲಿ ತಾನೇ ತೊಳೆದ. ಜೇಡರ ಬಲೆಯ ಕೆಳಗಿನಿಂದ ಆ ಕೆಂಪು ಮತ್ತೆ ಬಂತು. ಒಂದು ಗಾಜೂ ಅಲುಗಾಡಿರಲಿಲ್ಲ. ಸಂದುಗಳ ಮೇಲೆ ಬೆರಳಾಡಿಸಿ, "ಕೆಲಸಾ ಕೆಟ್ಟಿರಲಿಲ್ಲ," ಎಂದ. ಮಾವನವರು ಕೂರುತ್ತಿದ್ದ ಜಾಗದ ಕಡೆ ತಿರುಗಿ ಇನ್ನೊಮ್ಮೆ ಅಂದ: "ಕೆಲಸಾ ಕೆಟ್ಟಿರಲಿಲ್ಲರಿ."

ಅದೇ ವಾರ ಮೂಡಲಗಿಗೆ ಹೋಗಿ ಕಾಕಾ ಮತ್ತು ಭವನದವರ ಮುಂದೆಯೂ ಹೇಳಿದೆ. ಅವತ್ತು ಅಂಗಳದಲ್ಲಿದ್ದವರಲ್ಲಿ ಕೆಲವರು ಈಗಿಲ್ಲ. ಕಾಕಾ ಕಿವಿಗೆ ಕೈ ಹಚ್ಚಿ ಪೂರಾ ಕೇಳಿ, "ಹಂಗಾರ ಸ್ಟಿಕರ್ ಬ್ಯಾಡಂತ ಹೇಳೂಣಾ?" ಎಂದರು. ಅಷ್ಟೇ. ನಾನು ಇಷ್ಟು ವರ್ಷ ಅಂಜಿದ ಊರ ಹಿರಿಯರು ಅಷ್ಟೇ ಅಂದರು. ಆ ಮಾತು ಕೇಳಲು ಇಷ್ಟು ವರ್ಷ ಬೇಕಾಗಿರಲಿಲ್ಲ — ಅದೇ ನನ್ನನ್ನು ಹೆಚ್ಚು ಚುಚ್ಚುತ್ತದೆ.

ನಿನ್ನೆ ಕೆಲಸ ಶುರುವಾಯಿತು. ಮಾವನವರ ಚಿತ್ರವನ್ನು ದುಂಡಪ್ಪ ಹೊಸ ಹಾಳೆಯ ಮೇಲೆ ಇದ್ದಲಿನಲ್ಲಿ ಎತ್ತಿಕೊಂಡು ಎಣ್ಣೆ ಕುಡಿಸಿದ್ದ. ಗಾಜು ಒಡೆಯುವುದನ್ನು ಕಲಿಯಲು ಕಸ್ತೂರಿ ಸೆರಗು ಸಿಗಿಸಿ ನಿಂತಿದ್ದಳು. ನಾನು ಮುಪ್ಪಾದೆ, ಹೆಂಡತಿಗೆ ಕಲಿಸುತ್ತೇನೆ ಎಂಬುದು ಅವನ ಕರಾರು. ನಾನು ಬಾಗಿಲಲ್ಲೇ ನಿಂತಿದ್ದೆ, ಮನೆಯ ನಿಯಮದಂತೆ.

"ವೈನಿ, ಒಳಗ ಬರ್ರಿ," ಎಂದ ದುಂಡಪ್ಪ. ಹಾಳೆಯ ಒಂದು ತುದಿ ನನ್ನ ಕೈಗೆ ಕೊಟ್ಟ. "ನೀವ ಹಾಸ್ರಿ."

"ನಾನಾ?"

"ಮೊದಲ ಕಿಟಕಿ ಹಾಕ್ರಿ!" ಎಂದಳು ಕಸ್ತೂರಿ.

ಕಿಟಕಿ ಹಾಕಿದೆ. ಬರೆದ ಮಗ್ಗುಲನ್ನು ಕೆಳಗೆ ಮಾಡಿದೆ — ನನ್ನ ಕಲಿತ ಕೈ ಒಳಗೊಳಗೇ ಒಲ್ಲೆ ಅನ್ನುತ್ತಿತ್ತು, ಆದರೂ ಮಾಡಿದೆ. ಹಾಳೆಯ ಬೆನ್ನಿನ ಮೇಲೆ ಅಂಗೈಯಾಡಿಸಿ ಸುಕ್ಕು ತೆಗೆದೆ. ದುಂಡಪ್ಪ ಬಗ್ಗಿ ನೋಡಿದ. ಒಂದೇ ಸಲ ನೋಡಿದ, ಇನ್ನೊಮ್ಮೆ ನೋಡಲಿಲ್ಲ. ಕಲ್ಲಿಟ್ಟ.

ಕೈ ಎತ್ತಿ ಬೆಳಕಿಗೆ ಹಿಡಿದೆ. ಬೆರಳಿಗೆ ಏನೂ ಹತ್ತಿರಲಿಲ್ಲ. ಮಾವನವರು ಪಡಸಾಲೆಯಲ್ಲಿ ಕೂತಿದ್ದರೆ ಈಗ ಹೋಗಿ ಹೇಳುತ್ತಿದ್ದೆ — ಹೂಂರಿ, ಒಳಗ ಹೋಗಿದ್ದೆ. ನಾನ ಹೋಗಿದ್ದೆ.